ಕನ್ನಡಿಯಲ್ಲಿ ಕಾಣದವನ ಬೈತಲೆ

ನಾನು ಕುಮಟಾದವಳು. 11 ವರ್ಷದಿಂದ ಬಣ್ಣ ಹಚ್ಚುವುದೇ ನನ್ನ ಕೆಲಸ. ಮದುಮಗಳ ಅಲಂಕಾರ, ಶಾಲೆಯ ಗ್ಯಾದರಿಂಗು, ಮಕ್ಕಳ ಯಕ್ಷಗಾನ, ಹೀಗೆ. ಕಳೆದ ಮೇ ತಿಂಗಳಲ್ಲಿ ಮೊದಲ ಸಲ ಒಂದು ಸಿನಿಮಾಕ್ಕೆ ಬಣ್ಣ ಹಚ್ಚಿದೆ. ಗೆಳೆಯರೇ ದುಡ್ಡು ಕೂಡಿಸಿ ಮಾಡಿದ ಸಣ್ಣ ಹಾರರ್ ಸಿನಿಮಾ. 16 ರಾತ್ರಿಯ ಶೂಟಿಂಗ್, ಎಲ್ಲವೂ ಕಾರವಾರದ ಕಾಳಿ ನದಿಯ ಆಚೆ ಈಚೆ.

ಕಥೆ ಮೂವರು ರಕ್ತಪಿಶಾಚಿಗಳದ್ದು. ಸದಾಶಿವಗಡದ ಕಡೆ ಒಂದು ಹಳೇ ಹಂಚಿನ ಮನೆಯಲ್ಲಿ ಇರುತ್ತಾರೆ. ಯಾರನ್ನೂ ಹೆದರಿಸುವ ಆಸೆ ಅವರಿಗಿಲ್ಲ. ಈ ಕಾಲದಲ್ಲಿ ಹೇಗೆ ಬದುಕುವುದು ಅನ್ನುವುದೇ ಚಿಂತೆ. ಹಗಲು ಹೊರಗೆ ಹೋಗುವ ಹಾಗಿಲ್ಲ, ಹಾಗಾಗಿ ಬ್ಯಾಂಕಿನ ಕೆಲಸ ಆಗುವುದಿಲ್ಲ. ಆಧಾರ್‌ಗೆ ಫೋಟೋ ತೆಗೆದರೆ ಖಾಲಿ ಕುರ್ಚಿ ಬರುತ್ತದೆ. ಅವರಲ್ಲಿ ಒಬ್ಬನಿಗೆ ಕಾರವಾರದ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ ಸಿಗುತ್ತದೆ. ಚಳಿ ಅವನನ್ನು ಏನೂ ಮಾಡುವುದಿಲ್ಲ. ಆದರೆ ಹೊಳೆ ದಾಟಬೇಕಲ್ಲ?

ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಕಾದಂಬರಿಯಲ್ಲಿ ಒಂದು ನಿಯಮ ಇದೆ. ರಕ್ತಪಿಶಾಚಿ ಹರಿಯುವ ನೀರನ್ನು ದಾಟಬೇಕಾದರೆ ಉಬ್ಬರ ಏರುತ್ತಿರಬೇಕು, ಇಲ್ಲವೇ ನೀರು ಸುಮ್ಮನೆ ನಿಂತಿರಬೇಕು. ನಮ್ಮ ನಿರ್ದೇಶಕ ಶಿರಸಿ ಕಡೆಯ ಹುಡುಗ. ಆ ಒಂದು ಸಾಲನ್ನು ಹಿಡಿದು ಕಾಳಿ ಹೊಳೆಗೆ ತಂದಿದ್ದ. ಸಮುದ್ರದ ದಂಡೆಯಲ್ಲಿ ಹುಟ್ಟಿದವರಿಗೆ ಗೊತ್ತು, ಉಬ್ಬರ ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಇವನು ನಿನ್ನೆಗಿಂತ ಇವತ್ತು 50 ನಿಮಿಷ ತಡ. ಸೂಪರ್‌ವೈಸರ್ ಬೈಯುತ್ತಾನೆ. ಇವನಿಗೆ ಕಾರಣ ಹೇಳುವ ಹಾಗಿಲ್ಲ. ಕಥೆ ಓದುವಾಗ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಹಿಂಡಿದ ಹಾಗಾಯಿತು. ಇಂಥವರನ್ನು ನಾನು ನೋಡಿದ್ದೇನೆ. ಬಸ್ಸಿನ ಟೈಮಿಗೆ ಜೀವನ ಹೊಂದಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಇಷ್ಟು ಅರ್ಥವಾದಮೇಲೂ ನಾನು ಪೆಟ್ಟಿಗೆ ತುಂಬಿಕೊಂಡು ಹೋಗಿದ್ದು ಮಾತ್ರ ಬಿಳಿ ಸಫೇದ, ಕಪ್ಪು ಕಾಡಿಗೆ, ಮತ್ತು ರಕ್ತಕ್ಕೆ ಅಂತ 4 ಬಾಟಲಿ ಮುರುಗಲ (ಕೋಕಂ) ಹಣ್ಣಿನ ರಸ.

ಮೇ ತಿಂಗಳು, ಮುರುಗಲು ಹಣ್ಣಾಗುವ ಕಾಲ. ಬಾಯಿಗೆ ಹೋದರೂ ತೊಂದರೆ ಇಲ್ಲ, ಖರ್ಚಿಲ್ಲ, ಬಣ್ಣವೋ ಕಣ್ಣಿಗೆ ಹೊಡೆಯುವಷ್ಟು ಕೆಂಪು. ಮೊದಲನೇ ಟೇಕ್ ಚೆನ್ನಾಗಿಯೇ ಬಂತು. ನಟನ ತುಟಿಯಿಂದ ಇಳಿದು ಬಿಳಿ ಅಂಗಿಯ ಕಾಲರಿಗೆ ಬಿತ್ತು. ಎರಡನೇ ಟೇಕ್ ಬೇಕು ಅಂದರು. ಇದ್ದದ್ದು 2 ಅಂಗಿ. ಎರಡೂ ಕಲೆಯಾದಮೇಲೆ ಒಂದನ್ನು ಬಚ್ಚಲಿಗೆ ಒಯ್ದು ಸೋಪಿನ ಪುಡಿ ಹಾಕಿ ಉಜ್ಜಿದೆ. ಕಲೆ ಪೂರ್ತಿ ಹೋಗಲಿ ಅಂತ ಪುಡಿ ಜಾಸ್ತಿಯೇ ಹಾಕಿದ್ದೆ. ಗಡಿಬಿಡಿಯಲ್ಲಿ ಸರಿಯಾಗಿ ಜಾಲಿಸಲಿಲ್ಲ. ಇಸ್ತ್ರಿ ಹಾಕಿ ಒಣಗಿಸಿ ತೊಡಿಸಿದೆ.

ಮೂರನೇ ಟೇಕಿನಲ್ಲಿ ಹನಿ ಕಾಲರಿಗೆ ಬಿದ್ದಾಗ ಕೆಂಪಗೇ ಇತ್ತು. ನೋಡನೋಡುತ್ತಾ ಅಂಚು ನೇರಳೆಯಾಯಿತು. ಆಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿ. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಹೊಳೆಯಲ್ಲಿ ನೀರು ನಿಂತಿತ್ತು, ದೋಣಿ ತಯಾರಿತ್ತು, ಆ ಹೊತ್ತಿಗಾಗಿಯೇ ಎಲ್ಲರೂ ಕಾದು ಕೂತಿದ್ದರು. ಬೇರೆ ಅಂಗಿ ಒಣಗಿಸುವುದರೊಳಗೆ ಇಳಿತ ಶುರುವಾಯಿತು. ಆ ರಾತ್ರಿ ಹಾಗೇ ಹೋಯಿತು. 14 ಜನರ ಒಂದು ರಾತ್ರಿ. ನನಗೆ ಊಟ ಸೇರಲಿಲ್ಲ.

ಕಾರಣ ನನಗೆ ಗೊತ್ತಿರಬೇಕಾಗಿತ್ತು. ಮುರುಗಲಿನ ಕೆಂಪು ಹುಳಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಕೆಂಪು. ಸೋಪು, ಸೋಡಾ, ಸುಣ್ಣ ತಾಗಿದರೆ ನೀಲಿಗೆ ತಿರುಗುತ್ತದೆ. ದಾಸವಾಳದ ಹೂವಿನ ರಸವೂ ಹೀಗೇ ಬಣ್ಣ ಬದಲಿಸುತ್ತದೆ, ಶಾಲೆಯಲ್ಲಿ ಮಾಡಿ ನೋಡಿದ್ದೇವಲ್ಲ. ಮುರುಗಲ ಕಲೆಗೆ ಸೋಪು ಹಾಕಬೇಡ, ಮೊದಲು ಲಿಂಬು ಹಚ್ಚು ಅಂತ ನಮ್ಮ ಅಮ್ಮ ಎಷ್ಟು ಸಲ ಹೇಳಿಲ್ಲ!

ಮಾರನೇ ದಿನ ಅರಿಶಿನಕ್ಕೆ ಸುಣ್ಣ ಕಲಸಿದೆ, ಆರತಿ ನೀರಿಗೆ ಮಾಡುವ ಹಾಗೆ. ಒಳ್ಳೇ ಕೆಂಪು ಬಂತು. ಈ ಸಲ ಮೊದಲು ನನ್ನ ಕೈಗೇ ಹಚ್ಚಿಕೊಂಡು ಅರ್ಧ ಗಂಟೆ ಸೆಕೆಯಲ್ಲಿ ಕೂತೆ. ಬೆವರು ಹರಿದ ಕಡೆ ಹಳದಿ ಗೆರೆ ಮೂಡಿತು. ಇದು ಮುರುಗಲಿಗೆ ಪೂರ್ತಿ ತಿರುಗುಮುರುಗು, ಹುಳಿ ತಾಗಿದರೆ ಕೆಂಪು ಹೋಗಿ ಅರಿಶಿನ ಆಚೆ ಬರುತ್ತದೆ. ಬೆವರಿಗೂ ಸ್ವಲ್ಪ ಹುಳಿ ಗುಣ ಇದೆ. ಸುಣ್ಣ ಬಾಯಿಗೆ ಹಾಕಲೂ ಆಗುವುದಿಲ್ಲ. ಅದನ್ನೂ ಬಿಟ್ಟೆ.

ಆಗ ನನಗೆ ಹೊಳೆದದ್ದು, ಇವರು ಕುಡಿಯುವ ರಕ್ತ ಎಂಥದ್ದು ಅಂತ ನಾನು ಕೇಳಿಯೇ ಇರಲಿಲ್ಲ. ಕಥೆಯಲ್ಲಿ ಇವರು ಮನುಷ್ಯರನ್ನು ಕಚ್ಚುವುದಿಲ್ಲ. ಅವಧಿ ಮುಗಿದ ರಕ್ತದ ಚೀಲಗಳನ್ನು ಹೇಗೋ ತಂದು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುತ್ತಾರೆ. ಗುಡುಗು ಮಳೆಗೆ ಕರೆಂಟು ಹೋದ ರಾತ್ರಿ ಮೂವರೂ ಫ್ರಿಜ್ಜಿನ ಬಾಗಿಲು ತೆರೆಯದೆ ಅದರ ಮುಂದೆ ಕೂತಿರುತ್ತಾರೆ, ತಂಪು ಹೋಗಬಾರದು ಅಂತ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ದೃಶ್ಯ ಅದು.

ರಕ್ತನಿಧಿಯಲ್ಲಿ ಕೆಲಸ ಮಾಡುವ ಪರಿಚಯದವರಿಗೆ ಫೋನ್ ಮಾಡಿದೆ. ಅಲ್ಲಿ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಚೀಲದಲ್ಲಿರುವ ದ್ರಾವಣದ ಮೇಲೆ 35 ಅಥವಾ 42 ದಿನ ಬಾಳಿಕೆ. ಬಣ್ಣ? "ಕಡುಗೆಂಪು, ಹತ್ತಿರ ಹತ್ತಿರ ಕಪ್ಪು" ಅಂದರು. ಹೃದಯಕ್ಕೆ ಮರಳುವ ನಾಳದಿಂದ ತೆಗೆದ ರಕ್ತ, ಅದರಲ್ಲಿ ಆಮ್ಲಜನಕ ಕಡಿಮೆ. ಅಂದರೆ ನನ್ನ ಮುರುಗಲು ನೀಲಿಯಾಗದೆ ಇದ್ದಿದ್ದರೂ ತಪ್ಪೇ ಆಗುತ್ತಿತ್ತು. ಅದು ಶರಬತ್ತಿನ ಕೆಂಪು.

ಕೊನೆಗೆ ನಿಂತದ್ದು ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ನೀರು ಬೆಲ್ಲ. ಶಿರಸಿಯಿಂದ ಒಂದು ಡಬ್ಬಿ ತರಿಸಿದೆ. ಅದಕ್ಕೆ ತಿಂಡಿಗೆ ಹಾಕುವ ಕೆಂಪು ಬಣ್ಣ, ಒಂದೆರಡು ಚಮಚ ಕಾಫಿ ಡಿಕಾಕ್ಷನ್. ನಿಧಾನ ಇಳಿಯುತ್ತದೆ, ಗಾಜಿನ ಲೋಟದ ಒಳಬದಿಗೆ ಅಂಟಿ ನಿಲ್ಲುತ್ತದೆ, ಟ್ಯೂಬ್‌ಲೈಟಿನ ಬೆಳಕಲ್ಲಿ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಇರುವೆಗಳದ್ದೊಂದೇ ಕಾಟ. ಡಬ್ಬಿಯನ್ನು ನೀರು ತುಂಬಿದ ತಟ್ಟೆಯೊಳಗೆ ಇಟ್ಟೆ.

ಮುಖದ ಬಣ್ಣವನ್ನು ಸರಿಮಾಡಿದ್ದು ಮಾತ್ರ ನಾನಲ್ಲ. ಮೂವರಲ್ಲಿ ಹಿರಿಯವನ ಪಾತ್ರ ಮಾಡಿದವರು ಜೀವಮಾನವಿಡೀ ಯಕ್ಷಗಾನದಲ್ಲಿ ವೇಷ ಮಾಡಿದವರು, ತಾವೇ ಮುಖವರ್ಣಿಕೆ ಬರೆದುಕೊಳ್ಳುವವರು. 5ನೇ ರಾತ್ರಿ ನಾನು ಅವರ ತಲೆ ಬಾಚಿ ಮುಗಿಸಿದ್ದೆ. ಕನ್ನಡಿ ನೋಡಿಕೊಂಡು ಮೆಲ್ಲಗೆ ಕೇಳಿದರು.

"ತಂಗೀ, ಇಂವ ಕನ್ನಡಿಯಲ್ಲಿ ಕಾಣುದಿಲ್ಲ ಅಲ್ವಾ?"

"ಹೌದು."

"ಹಂಗಾರೆ ಇಷ್ಟು ನೆಟ್ಟಗೆ ಬೈತಲೆ ತೆಗೆದವರು ಯಾರು?"

ನನ್ನ ಕೈಯಲ್ಲಿ ಬಾಚಣಿಗೆ ಹಾಗೇ ಉಳಿಯಿತು. ನೂರಾರು ವರ್ಷ ತನ್ನ ಮುಖ ತಾನು ನೋಡದ ಮನುಷ್ಯನಿಗೆ ನಾನು ಮದುಮಗನ ಹಾಗೆ ತಲೆ ಬಾಚಿದ್ದೆ. ರಾಕ್ಷಸ ವೇಷದ ಬಣ್ಣ ಕೊನೇ ಸಾಲಿನಲ್ಲಿ ಕೂತವರಿಗೂ ಕಾಣಬೇಕು, ಅದಕ್ಕೇ ಅದು ಅಷ್ಟು ದಪ್ಪ. ಇಲ್ಲಿ ಕ್ಯಾಮೆರಾ ಎರಡು ಅಡಿ ದೂರದಲ್ಲಿ ನಿಂತಿದೆ. ಅದರ ಎದುರು ಸಫೇದ ಬಳಿದ ಮುಖ ಬರೀ ವೇಷ. ಅವತ್ತೇ ಬಿಳಿ ಬಣ್ಣ ಪೂರ್ತಿ ಒರೆಸಿದೆ.

ಬೆಳಗಿನ ಜಾವ ಬೈತಖೋಲ ಬಂದರಿಗೆ ಹೋಗಿ ರಾತ್ರಿಯಿಡೀ ದುಡಿದವರ ಮುಖ ನೋಡಿದೆ. ಯಾರೂ ಬಿಳಿಚಿಕೊಂಡಿರಲಿಲ್ಲ. ರೆಪ್ಪೆಯ ಅಂಚು ಕೆಂಪಗೆ, ತುಟಿಯ ಮಧ್ಯ ಒಣಗಿ ಬಿರಿದಿತ್ತು, ಮೂಗಿನ ಪಕ್ಕ ಎಣ್ಣೆಯ ಹೊಳಪು. ನಾನು ಹಚ್ಚಿದ್ದೂ ಅಷ್ಟೇ. ಬೈತಲೆ ಸೊಟ್ಟ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದು. ಕಿವಿಯ ಹಿಂದೆ ತೊಳೆಯದೆ ಉಳಿದ ಒಣ ರಕ್ತದ ಕಲೆ, ಅದು ಕೆಂಪಲ್ಲ, ಕಂದು.

ನಿರ್ದೇಶಕ ಅದನ್ನೆಲ್ಲ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಇವರಿಗೆ ಗಡ್ಡ ಯಾರು ತೆಗೀತಾರೆ?" ಅಂದ. ಕಥೆಯಲ್ಲಿ ಇಲ್ಲದ ಒಂದು ದೃಶ್ಯ ಅಲ್ಲಿಂದ ಹುಟ್ಟಿತು. ಡ್ಯೂಟಿಗೆ ಹೊರಡುವ ಮೊದಲು ಕಿರಿಯವನು ಜಗಲಿಯ ಮೇಲೆ ಕೂರುತ್ತಾನೆ. ಹಿರಿಯವನು ಅವನ ಗಲ್ಲ ಹಿಡಿದು ನಿಧಾನ ಗಡ್ಡ ತೆಗೆಯುತ್ತಾನೆ. ಮಾತಿಲ್ಲ. ಹೊಳೆಯಲ್ಲಿ ಉಬ್ಬರ ಏರುತ್ತಿದೆ. ದವಡೆಯ ಕೆಳಗೆ ಒಂದು ಕಡೆ ಬ್ಲೇಡು ತಾಗುತ್ತದೆ. ಆ ಗಾಯಕ್ಕೆ ಏನು ಹಚ್ಚಲಿ ಅಂತ ಕೇಳಿದೆ. "ಏನೂ ಬೇಡ, ಇವರ ಮೈಯಲ್ಲಿ ರಕ್ತ ಎಲ್ಲಿದೆ?" ಅಂದರು ಹಿರಿಯರು. ಚರ್ಮದ ಮೇಲೆ ತೆಳ್ಳಗೆ ಒಂದು ಒಣ ಗೆರೆ ಎಳೆದು, ಬ್ರಶ್ ತೊಳೆದು, ಲೈಟಿನ ಆಚೆ ಹೋಗಿ ನಿಂತೆ.