ಉಪ್ಪಿನ ಖರ್ಚುವೆಚ್ಚ

ಭಾನುವಾರ, 16 ಜೂನ್ 2024

ಬೆಳಿಗ್ಗೆ ದೋಸೆ ಕಾವಲಿ ಉಜ್ಜುತ್ತಾ ನಿಂತಿದ್ದೆ. ಅಕ್ಕನ ಮಗಳು ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ಹಿಡಿದು ಬಂದು ಕಟ್ಟೆ ಮೇಲೆ ಕೂತಳು. “ಚಿಕ್ಕಮ್ಮ, ಸೋಡಿಯಂ ಯಾಕೆ ಎಲೆಕ್ಟ್ರಾನ್ ಕೊಟ್ಬಿಡತ್ತೆ? ಅದಕ್ಕೆ ಬೇಡ್ವಾ?”

ನಾನು ಸ್ಕೂಲಲ್ಲಿ ಕಲಿತದ್ದನ್ನೇ ಒಪ್ಪಿಸಿದೆ. ಸೋಡಿಯಂನಲ್ಲಿ 11 ಪ್ರೋಟಾನ್, 11 ಎಲೆಕ್ಟ್ರಾನ್. ಪ್ರೋಟಾನ್ ಧನ, ಎಲೆಕ್ಟ್ರಾನ್ ಋಣ; ಧನಕ್ಕೆ ಋಣ ವಜಾ. ಹೊರಗಿನ ಕವಚದಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಅದು ಹೋದರೆ ಎಲೆಕ್ಟ್ರಾನ್ 10, ಪ್ರೋಟಾನ್ ಹಾಗೇ 11. ಆ ಹೆಚ್ಚಿನ ಒಂದರಿಂದಲೇ ಅದು ಧನ ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು. 17 ಎಲೆಕ್ಟ್ರಾನಿನ ಕ್ಲೋರಿನ್‌ಗೆ ಇನ್ನೊಂದು ಸೇರಿದರೆ ಋಣ ಅಯಾನು. ಇವೆರಡೂ ಕೂಡಿದರೆ ಅಡುಗೆ ಉಪ್ಪು. “ಕೊಡೋದಂದ್ರೆ ಸೋಡಿಯಂಗೆ ಖುಷಿ ಕಣೇ” ಅಂತಲೂ ಸೇರಿಸಿದೆ.

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಖುಷಿಯೂ ಇಲ್ಲ, ಮಣ್ಣೂ ಇಲ್ಲ. ಒಂದು ಮೋಲ್ (ಪರಮಾಣು ಎಣಿಸುವ ದೊಡ್ಡದೊಂದು ಅಳತೆ) ಬಿಡಿ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಬೇಕಾದರೆ 496 ಕಿಲೋಜೂಲ್ ಶಕ್ತಿ ಸುರಿಯಬೇಕು. ಅದನ್ನು ಪಡೆದ ಕ್ಲೋರಿನ್ ವಾಪಸ್ ಬಿಡುವುದು 349 ಮಾತ್ರ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅವಳೇ ಕಳೆದು ನೋಡಿದಳು: 147 ಕೈಯಿಂದ ಹೋಯ್ತು. “ಲಾಸ್ ಆದ್ರೂ ಉಪ್ಪು ಹೇಗಾಗತ್ತೆ?”

ಆ ನಷ್ಟ ತುಂಬಿಕೊಡುವುದು ಉಪ್ಪಿನ ಹರಳು. ಧನ ಋಣ ಅಯಾನುಗಳು ಸಾಲುಸಾಲಾಗಿ ಒಂದನ್ನೊಂದು ಎಳೆದುಕೊಂಡು ಕೂತಾಗ 787 ಕಿಲೋಜೂಲ್ ಹೊರಬೀಳುತ್ತದೆ. ಲೋಹವನ್ನು ಬಿಡಿ ಪರಮಾಣು ಮಾಡುವುದು, ಕ್ಲೋರಿನ್ ಜೋಡಿ ಒಡೆಯುವುದು, ಇವೆಲ್ಲದರ ಖರ್ಚು ಕಳೆದರೂ 411 ಉಳಿಯುತ್ತದೆ. ದಾನಿ, ಉದಾರಿ ಅಂತೆಲ್ಲ ನಮಗೆ ಹೇಳಿಕೊಟ್ಟವರು ಈ ಲೆಕ್ಕ ಯಾಕೆ ತೋರಿಸಲಿಲ್ಲವೋ!

ಮಾತಿಗೆ ಅವಳು ಬಗ್ಗಲಿಲ್ಲ, ಕಣ್ಣಲ್ಲಿ ನೋಡಬೇಕಂತೆ. ಗಾಜಿನ ಲೋಟದಲ್ಲಿ ನೀರು, ಎರಡು ಚಮಚ ಉಪ್ಪು. ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಒಂಬತ್ತು ವೋಲ್ಟಿನ ಬ್ಯಾಟರಿ, ವೈರು. ಋಣ ತುದಿಯ ಪೆನ್ಸಿಲ್ಲಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಬುಸುಬುಸು ಎದ್ದವು. “ಸೋಡಿಯಂ!” ಅಂದಳು. ಅಲ್ಲ, ಅದು ನೀರಿನ ಹೈಡ್ರೋಜನ್. ಕಳೆದುಕೊಂಡದ್ದನ್ನು ಸೋಡಿಯಂ ಇಲ್ಲಿ ವಾಪಸ್ ಪಡೆಯುವುದಿಲ್ಲ, ಅಯಾನಾಗಿಯೇ ನೀರಲ್ಲಿ ಉಳಿಯುತ್ತದೆ. ಧನ ತುದಿಯಲ್ಲಿ ಗುಳ್ಳೆ ಕಡಿಮೆ, ಆದರೆ ಎರಡೇ ನಿಮಿಷಕ್ಕೆ ಮೂಗಿಗೆ ಬಡಿಯಿತು ಬ್ಲೀಚಿಂಗ್ ಪೌಡರ್ ವಾಸನೆ. ಕ್ಲೋರೈಡ್, ಅಂದರೆ ಕ್ಲೋರಿನ್‌ನ ಆ ಋಣ ಅಯಾನು, ಎಲೆಕ್ಟ್ರಾನ್ ಬಿಟ್ಟುಕೊಟ್ಟು ಮತ್ತೆ ಕ್ಲೋರಿನ್ ಆಗುತ್ತಿತ್ತು. ಕಿಟಕಿ ತೆರೆದು ವೈರು ಕಿತ್ತೆ.

ಅಯಾನ್ ಅಂದರೆ ಗ್ರೀಕಿನಲ್ಲಿ ‘ಹೋಗುವಂಥದ್ದು’. 1834ರಲ್ಲಿ ವಿಜ್ಞಾನಿ ಫ್ಯಾರಡೆ ಈ ಹೆಸರನ್ನು ಬಳಕೆಗೆ ತಂದಾಗ ಎಲೆಕ್ಟ್ರಾನ್ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಅದು ಸಿಕ್ಕಿದ್ದು 1897ರಲ್ಲಿ.

ಅಷ್ಟರಲ್ಲಿ ಅಕ್ಕ ಬಂದಳು. ಲೋಟ ಎತ್ತಿ ಮೂಸಿ, “ಏನ್ರೇ, ಇದ್ರಲ್ಲಿ ಬಚ್ಚಲು ತೊಳೆದ್ರಾ?” ಅಂದಳು.