‘ನಿಧನ’ ಅಂತ ಹಾಕಿ ಸಾರ್

ಮಂಗಳವಾರ ಚಾಮರಾಜಪೇಟೆಯ ಪ್ರೆಸ್ಸಿಗೆ ಬಂದ ಹುಡುಗನಿಗೆ ಇಪ್ಪತ್ತರ ಆಸುಪಾಸು. ಹಾಲು-ತುಪ್ಪ ಮುಗಿದಿತ್ತು, ಹನ್ನೊಂದನೇ ದಿನಕ್ಕೆ ನೂರು ಕಾರ್ಡು ಬೇಕಿತ್ತು. ಮಡಚಿಟ್ಟಿದ್ದ ಪೇಪರ್ ತುಣುಕನ್ನು ಬಿಡಿಸಿ ಕೀಬೋರ್ಡಿನ ಪಕ್ಕ ಇಟ್ಟ. ‘ಗೋಡೆ ಕುಸಿದು ಕಾರ್ಮಿಕ ಸಾವು’.

“ಪೇಪರ್‌ನೋರು ‘ಸಾವು’ ಅಂತ ಹಾಕ್ಬಿಟ್ಟವ್ರೆ. ನೀವಾದ್ರೂ ‘ನಿಧನ’ ಅಂತ ಹಾಕಿ ಸಾರ್.”

ಜೊತೆಗಿದ್ದ ಚಿಕ್ಕಪ್ಪ, “ಏನೋ ಒಂದ್ ಹಾಕಿ, ಸಂಜೆಗೆ ಕೈಗೆ ಬಂದ್ರೆ ಸಾಕು” ಅಂದರು. ಸಾವಿನ ಮನೆಯ ಓಡಾಟ ಹೊತ್ತವರಿಗೆ ನೂರು ಕೆಲಸ, ನಿಜ. ಆದರೂ ಆ ಹುಡುಗನ ಎದುರು ಅವರು ಆ ಮಾತು ಆಡಬಾರದಿತ್ತು.

ಹುಡುಗ ಹಿಡಿದದ್ದು ಸರಿಯಾದ ಜಾಗವನ್ನೇ. ಯಾವ ದಿನದ ಪೇಪರ್ ಬೇಕಾದರೂ ತೆಗೆದು ನೋಡಿ: ಮಂತ್ರಿ, ನಟ, ಸಾಹಿತಿಗೆ ‘ನಿಧನ’. ವೀರಶೈವ ಮಠದ ಸ್ವಾಮಿಗಳಾದರೆ ‘ಲಿಂಗೈಕ್ಯ’, ಮಾಧ್ವ ಯತಿಗಳಾದರೆ ‘ಬೃಂದಾವನಸ್ಥ’, ಸೈನಿಕನಾದರೆ ‘ಹುತಾತ್ಮ’. ಗೋಡೆ ಕೆಳಗೆ, ಮ್ಯಾನ್‌ಹೋಲಿನಲ್ಲಿ, ಬಸ್ಸಿನ ಚಕ್ರಕ್ಕೆ ಸಿಕ್ಕಿ ಹೋದವರಿಗೆ ‘ಸಾವು’. ಒಂದು ಕಾಲಂ ಶೀರ್ಷಿಕೆಗೆ ಚಿಕ್ಕ ಪದ ಬೇಕು ಅನ್ನುತ್ತಾರೆ. ‘ಸಾವು’ ಎರಡಕ್ಷರ, ‘ನಿಧನ’ ಮೂರು. ಒಂದಕ್ಷರದ ಜಾಗ ಹುಡುಕಿದರೆ ಸಿಗುತ್ತದೆ.

‘ಸಾಯು’ ಕೆಟ್ಟ ಪದವಲ್ಲ, ಅಚ್ಚಗನ್ನಡದ್ದು. ಆದರೆ ಬಹುವಚನ ಕೊಟ್ಟು ‘ಸತ್ತರು’ ಅಂದರೂ ಅದಕ್ಕೆ ಮರ್ಯಾದೆ ಬರುವುದಿಲ್ಲ. ‘ತೀರಿಕೊಂಡರು’ ಅಂದರೆ ಬರುತ್ತದೆ. ಸಾಲ ತೀರಿದ ಹಾಗೆ ಋಣವೂ ತೀರಿತು ಅನ್ನುವ ಭಾವ ಅದರಲ್ಲಿದೆ. ಮೊಬೈಲಿನ ಬ್ಯಾಟರಿ ಸಾಯುತ್ತದೆ, ತೀರಿಕೊಳ್ಳುವುದಿಲ್ಲ. ದೀಪ ಆರಿಸು ಅನ್ನದೆ ಶಾಂತ ಮಾಡು ಅನ್ನುವ ಜನ ನಾವು. ಹೊರಡುವಾಗ ‘ಬರ್ತೀನಿ’ ಅನ್ನುತ್ತೇವೆ, ಸಾವಿನ ಮನೆಯಿಂದ ಮಾತ್ರ ಅದನ್ನೂ ಅನ್ನದೆ ಎದ್ದು ಬರುತ್ತೇವೆ. ಇಷ್ಟು ಜೋಪಾನ ಮಾಡುವ ಭಾಷೆಯಲ್ಲಿ ಕೂಲಿಯವನ ಪಾಲಿಗೆ ಒಂದು ಪದ ಇಲ್ಲವಾಗುವುದು ಹೇಗೆ?

ಕಾರ್ಡಿನ ಕೆಲಸದಲ್ಲೂ ಅಜಾಗರೂಕತೆ ಕಡಿಮೆಯಿಲ್ಲ. ಹಳೆಯ ಫೈಲು ತೆರೆದು ಹೆಸರು, ತಾರೀಖು ಬದಲಿಸಿ ಅಚ್ಚಿಗೆ ಕಳಿಸುವುದೇ ಮೂಲ. ಲಿಂಗಾಯತರ ಮನೆಗೆ ‘ಶಿವಗಣಾರಾಧನೆ’ ಇರಬೇಕಾದ ಕಡೆ ಹಿಂದಿನ ಮನೆಯ ‘ವೈಕುಂಠ ಸಮಾರಾಧನೆ’ ಉಳಿದುಬಿಡುತ್ತದೆ. ‘ದಿವಂಗತ ಇಂಥವರು ನಿಧನರಾದರು’ ಎಂದು ಬರೆದರೆ ಒಬ್ಬರೇ ಎರಡು ಸಲ ಹೋದಂತೆ. ‘ದಿವಂಗತ’ದಲ್ಲೇ ಸ್ವರ್ಗಕ್ಕೆ ಹೋದವರು ಎಂದಿದೆ. ಇನ್ನು ‘ಶ್ರದ್ಧಾಂಜಲಿ’. ದ-ಕ್ಕೆ ಧ ಒತ್ತು ಕೊಡಬೇಕು. ಬೀದಿ ಮೂಲೆಯ ಫ್ಲೆಕ್ಸುಗಳಲ್ಲಿ ದ-ಕ್ಕೆ ದ-ವನ್ನೇ ಒತ್ತಿ ‘ಶ್ರದ್ದಾಂಜಲಿ’ ಮಾಡಿರುತ್ತಾರೆ, ಕೆಳಗೆ ಹತ್ತು ಮುಖಂಡರ ಫೋಟೊ, ತೀರಿಕೊಂಡವರದು ಅದರಲ್ಲೇ ಒಂದು.

ಕಲ್ಲಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಇಷ್ಟು ಕೈ ಬಿಗಿ ಇರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 7ನೇ ಶತಮಾನದ ಶಾಸನಗಳು ಸಲ್ಲೇಖನ (ಉಪವಾಸವಿದ್ದು ದೇಹ ಬಿಡುವ ಜೈನ ವ್ರತ) ಮಾಡಿದವರನ್ನು ‘ನೋಂತು ಮುಡಿಪಿದರ್’ ಅನ್ನುತ್ತವೆ, ವ್ರತ ಹಿಡಿದು ಪೂರೈಸಿದರು ಎಂದು. ದನ ಕಾಯಲು ಹೋರಾಡಿ ಬಿದ್ದ ಹಳ್ಳಿಯವನಿಗೂ ವೀರಗಲ್ಲು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗ. ‘ತುರುಗಳಂ ಮಗುಳ್ಚಿ ಸುರಲೋಕ ಪ್ರಾಪ್ತನಾದಂ’ ಎಂದು ಕೆತ್ತುತ್ತಿದ್ದರು, ದನಗಳನ್ನು ಮರಳಿಸಿ ಸ್ವರ್ಗ ಸೇರಿದ ಎಂದು. ಬೆಂಗಳೂರು ಎಂಬ ಹೆಸರಿಗೆ ಸಿಕ್ಕಿರುವ ಹಳೆಯ ದಾಖಲೆಯೂ ಸಾವಿನದೇ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಆ ಕಲ್ಲು ಬೆಂಗಳೂರು ಕಾಳಗದಲ್ಲಿ ಮಡಿದವನನ್ನು ಹೆಸರಿಟ್ಟು ನೆನೆಯುತ್ತದೆ. ಇದೇ ಊರಿನಲ್ಲಿ ಈ ವಾರ ಗೋಡೆ ಕುಸಿದು ಹೋದವರ ಹೆಸರು ಪೇಪರ್ ತುಣುಕಿನ ಕೊನೆಯ ಸಾಲಿನಲ್ಲಿತ್ತು, ಅದೂ ಒಂದಕ್ಷರ ತಪ್ಪಾಗಿ.

“ನೀವಾದ್ರೂ ‘ನಿಧನ’ ಅಂತ ಹಾಕಿ ಸಾರ್.” ಟೈಪ್ ಮಾಡುವಾಗ, ಪ್ರೂಫ್ ತೆಗೆಯುವಾಗ, ಅದೇ ಮಾತು.

ಪ್ರೂಫಿನ ಮೇಲೆ ಹುಡುಗ ಬೆರಳಿಟ್ಟು ಒಂದೊಂದೇ ಸಾಲು ಓದಿದ. ‘ನಿಧನರಾದರು’ ಬಂದಾಗ ಬೆರಳು ಅಲ್ಲೇ ನಿಂತಿತು. ಆಮೇಲೆ ಅಪ್ಪನ ಹೆಸರಿಗೆ ವಾಪಸು ಹೋದ.

“ಕಾರ್ಮಿಕ ಅಲ್ಲ ಸಾರ್. ನಮ್ಮಪ್ಪ ಗಾರೆ ಮೇಸ್ತ್ರಿ. ಹೆಸರಿನ ಹಿಂದೆ ಅದನ್ನ ಸೇರಿಸ್ತೀರಾ?”

ಚಿಕ್ಕಪ್ಪ ಈ ಸಲ ಏನೂ ಅನ್ನಲಿಲ್ಲ. ‘ಗಾರೆ ಮೇಸ್ತ್ರಿ’ ಎಂಬುದು ಹೆಸರಿನಷ್ಟೇ ದಪ್ಪಕ್ಕೆ, 16 ಪಾಯಿಂಟಿನಲ್ಲಿ ಬಂತು.