ಬೇರಿಂಗ್ ಫ್ರೀ, ಬಿಚ್ಚೋಕೆ ಒಂಬೈನೂರು

ನಮ್ಮ ವ್ಯಾಗನ್‌ಆರ್ 2014ರದ್ದು. 1 ಲಕ್ಷ 10 ಸಾವಿರ ಕಿಲೋಮೀಟರ್ ದಾಟಿದೆ. ಈ ವಯಸ್ಸಿನ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತು, ಪ್ರತಿ ಮೂರು ತಿಂಗಳಿಗೆ ಒಂದು ಹೊಸ ಸದ್ದು ಗ್ಯಾರಂಟಿ.

ಹೋದ ವರ್ಷ 60ರ ಸ್ಪೀಡ್ ದಾಟಿದ ಕೂಡಲೇ ಮುಂದಿನ ಎಡಗಡೆಯಿಂದ ಹೂಂ ಅಂತ ಶುರುವಾಯ್ತು. ಟೈರ್ ಸದ್ದು ಅಂದುಕೊಂಡು ಎರಡು ತಿಂಗಳು ಸುಮ್ನೆ ಓಡಿಸಿದೆ. ಆಮೇಲೆ ಗಮನಿಸಿದರೆ, ಬಲಕ್ಕೆ ತಿರುಗುವಾಗ ಸದ್ದು ಜಾಸ್ತಿ, ಎಡಕ್ಕೆ ತಿರುಗುವಾಗ ಕಮ್ಮಿ. ಇಷ್ಟು ಹೇಳಿದ್ದೇ ತಡ, ನಮ್ಮ ಮೆಕ್ಯಾನಿಕ್ ಜಾಕ್ ಹಾಕಿ ಗಾಡಿ ಎತ್ತಿ, ಒಂದು ಕೈ ಸಸ್ಪೆನ್ಶನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿದರು. "ನೀವೂ ಹಿಡ್ಕೊಂಡು ನೋಡಿ" ಅಂದರು. ಹಿಡಿದರೆ ಸ್ಪ್ರಿಂಗ್ ಒಳಗೆ ಯಾರೋ ಮರಳು ಅರೆಯುತ್ತಿದ್ದ ಹಾಗಿತ್ತು. ಬಲಗಡೆ ಚಕ್ರದಲ್ಲಿ ಏನೂ ಇಲ್ಲ. ಚಕ್ರ ಸಲೀಸಾಗಿ ತಿರುಗೋಕೆ ಇರೋ ವೀಲ್ ಬೇರಿಂಗ್ ಹೋಗಿದೆ.

ಪಾರ್ಟ್ ನಾನೇ ತರ್ತೀನಿ ಅಂದೆ. ಜಾಣತನ! ಶನಿವಾರ ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಸಾಲು, ಜೆ.ಸಿ. ರಸ್ತೆಗೆ ಹೋದೆ. ಪಾರ್ಕಿಂಗ್ ಸಿಗುವಷ್ಟರಲ್ಲಿ ಅರ್ಧ ಗಂಟೆ ಹೋಯ್ತು. ಅಂಗಡಿಯವರು ಕೇಳೋದು ಮೊದಲು ಒಂದೇ ಪ್ರಶ್ನೆ: "ಒರಿಜಿನಲ್ಲಾ, ಲೋಕಲ್ಲಾ?" ಕಂಪನಿ ಡಬ್ಬಿಯದ್ದು 1,150. ಲೋಕಲ್ 450. "ಎರಡೂ ಅದೇ ಸಾರ್, ಬರೀ ಡಬ್ಬಿ ಬೇರೆ. ಆರು ತಿಂಗಳು ವಾರಂಟಿ ನಾನು ಕೊಡ್ತೀನಿ" ಅಂತ ಎಸ್ಟಿಮೇಟ್ ಚೀಟಿಯ ಹಿಂದೆ ಪೆನ್ನಲ್ಲಿ ಬರೆದೇ ಕೊಟ್ಟರು. 700 ರೂಪಾಯಿ ಉಳಿಸಿದ ಖುಷಿಯಲ್ಲಿ ವಾಪಸ್ ಬಂದೆ.

ಹಳೇ ಬೇರಿಂಗ್ ಪ್ರೆಸ್ ಮೆಷಿನ್ ಹಾಕಿ ಹೊರಗೆ ತಳ್ಳಬೇಕು, ಹೊಸದನ್ನು ಪ್ರೆಸ್ ಹಾಕಿಯೇ ಕೂರಿಸಬೇಕು. ಲೇಬರ್ 900. ಐದನೇ ತಿಂಗಳಿಗೆ ಮತ್ತೆ ಅದೇ ಹೂಂ.

ಅಂಗಡಿಯವರು ಮಾತು ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಹಳೇ ಪೀಸ್ ಇಸ್ಕೊಂಡು, ಚೀಟಿ ನೋಡಿ, ಹೊಸ ಬೇರಿಂಗ್ ಫ್ರೀ ಕೊಟ್ಟರು. ಆದರೆ ಬಿಚ್ಚಿ ಹಾಕೋ 900 ಯಾರು ಕೊಡ್ತಾರೆ? ಮೆಕ್ಯಾನಿಕ್ ಅಂತೂ "ಪಾರ್ಟ್ ನಿಮ್ಮದು, ನನ್ನ ಕೆಲಸ ಸರಿಯಾಗಿತ್ತು" ಅಂದರು. ಅದೂ ನಿಜ. ಅದೇ ಲೋಕಲ್ ಮಾಲನ್ನು ಮತ್ತೆ ಕೂರಿಸೋಕೆ ಧೈರ್ಯ ಬರಲಿಲ್ಲ. 1,150 ಕೊಟ್ಟು ಒರಿಜಿನಲ್ ತರಿಸಿ ಹಾಕಿಸಿದೆ. ಮೊದಲೇ ಇದನ್ನೇ ಮಾಡಿದ್ದರೆ 2,050ರಲ್ಲಿ ಮುಗಿಯುತ್ತಿತ್ತು. ಆಗಿದ್ದು 3,400. ಫ್ರೀ ಬಂದ ಬೇರಿಂಗ್ ಇವತ್ತಿಗೂ ಗ್ಲೋವ್ ಬಾಕ್ಸ್‌ನಲ್ಲಿದೆ, ಹಂಪ್ ಹಾರಿದಾಗೆಲ್ಲ ಟಣ್ ಅನ್ನುತ್ತೆ.

ಅವತ್ತಿಂದ ಪಾರ್ಟ್ ರೇಟ್ ಕೇಳೋ ಮೊದಲು ಬಿಚ್ಚೋ ರೇಟ್ ಕೇಳ್ತೀನಿ. ವೈಪರ್ ಬ್ಲೇಡ್, ಏರ್ ಫಿಲ್ಟರ್, ಹೆಡ್‌ಲೈಟ್ ಬಲ್ಬ್ ಇವೆಲ್ಲ ನಾವೇ ಹಾಕಿಕೊಳ್ಳೋ ಐಟಂ. ಅಗ್ಗದ್ದು ತಂದು ಕೈಕೊಟ್ಟರೂ ಹೋಗೋದು ಆ ದುಡ್ಡು ಮಾತ್ರ. ಕ್ಲಚ್ ಸೆಟ್‌ಗೆ ಗೇರ್‌ಬಾಕ್ಸ್ ಇಳಿಸಬೇಕು, ಅಲ್ಲಿ ಕ್ಲಚ್ ಜೊತೆಗಿರೋ ರಿಲೀಸ್ ಬೇರಿಂಗ್‌ನಲ್ಲಿ ಐನೂರು ಉಳಿಸೋದು ಹುಚ್ಚುತನ. ಬ್ರೇಕ್ ಪ್ಯಾಡ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ. ಲೇಬರ್ ಕಮ್ಮಿ ಇದ್ದರೂ ಅಲ್ಲಿ ಲೋಕಲ್ ಬೇಡವೇ ಬೇಡ.

ಹಾಗಂತ ಎಲ್ಲದಕ್ಕೂ ಕಾರ್ ಕಂಪನಿಯ ಡಬ್ಬಿಯೇ ಬೇಕಂತಿಲ್ಲ. ಕಾರ್ ಕಂಪನಿ ಎಲ್ಲಾ ಪಾರ್ಟ್ ತಾನೇ ಮಾಡಲ್ಲ ಅಲ್ವಾ. ಮಾರುತಿಗೆ ಎಸಿ ಕೊಡೋದು ಸುಬ್ರೋಸ್, ಶಾಕ್ ಅಬ್ಸಾರ್ಬರ್ ಕೊಡೋರಲ್ಲಿ ಗೇಬ್ರಿಯಲ್ ಇದೆ. ಇಂಥವರು ತಮ್ಮದೇ ಡಬ್ಬಿಯಲ್ಲೂ ಮಾರುತ್ತಾರೆ, ಎಷ್ಟೋ ಸಲ ಕಮ್ಮಿಗೆ ಸಿಗುತ್ತೆ. ಜೆ.ಸಿ. ರಸ್ತೆಯಲ್ಲಿ "ಓಇಎಂ ಕೊಡಿ" ಅಂದರೆ ಇದನ್ನು ತೆಗೆಯುತ್ತಾರೆ. ಆದರೆ ಡಬ್ಬಿ ಮೇಲೆ ತಯಾರಕರ ಹೆಸರು, ತಿಂಗಳು, ವರ್ಷ, ಎಂಆರ್‌ಪಿ ಓದಿ. ಪಾರ್ಟ್ ನಂಬರ್ ಡಬ್ಬಿ ಮೇಲೊಂದು, ಒಳಗೊಂದು ಇದ್ದರೆ ಅಲ್ಲೇ ಕೌಂಟರ್ ಮೇಲೆ ಇಟ್ಟು ಬನ್ನಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಎಲ್ಲಾ ಬಿಡಿಭಾಗಗಳಿಗೂ ಜಿಎಸ್‌ಟಿ ಒಂದೇ, 18 ಪರ್ಸೆಂಟ್. "ಬಿಲ್ ಬೇಕಾದ್ರೆ 28 ಪರ್ಸೆಂಟ್ ಆಗುತ್ತೆ" ಅಂತ ಇನ್ನೂ ಯಾರಾದರೂ ಹೇಳಿದರೆ ನಂಬಬೇಡಿ. ಎಂಆರ್‌ಪಿಯಲ್ಲಿ ಟ್ಯಾಕ್ಸ್ ಸೇರಿಯೇ ಇರುತ್ತೆ.

ಮಿರರ್, ಡೋರ್ ಹ್ಯಾಂಡಲ್, ಬಂಪರ್‌ಗೆ ನಾನು ಶಿವಾಜಿನಗರದ ಗುಜರಿಗೇ ಹೋಗೋದು. ನಮ್ಮ ಗಾಡಿ ಬಣ್ಣದ್ದೇ ಮಿರರ್ 600ಕ್ಕೆ ಸಿಕ್ಕಿತು, ಪೇಂಟ್ ಖರ್ಚೂ ಉಳಿಯಿತು.

ವಾರಂಟಿ ವಿಷಯದಲ್ಲಿ ಬ್ಯಾಟರಿಯದ್ದು ಬೇರೆಯೇ ಆಟ. "60 ತಿಂಗಳು" ಅಂತ ದೊಡ್ಡದಾಗಿ ಬರೆದಿರುತ್ತೆ. ಕಾರ್ಡ್ ಓದಿದರೆ ಅದರಲ್ಲಿ ಮೊದಲ ಭಾಗ ಮಾತ್ರ ಫ್ರೀ ರಿಪ್ಲೇಸ್‌ಮೆಂಟ್, ಉಳಿದದ್ದು ಪ್ರೊ-ರೇಟಾ. ಅಂದರೆ ಹೊಸ ಬ್ಯಾಟರಿಯ ಎಂಆರ್‌ಪಿ ಮೇಲೆ ಇಷ್ಟು ಪರ್ಸೆಂಟ್ ಬಿಡುತ್ತಾರೆ. ಎಂಆರ್‌ಪಿ 5,000 ಇದೆ, 20 ಪರ್ಸೆಂಟ್ ಬಿಟ್ಟರು ಅಂದ್ಕೊಳ್ಳಿ. 4,000 ಆಯ್ತು. ಆದರೆ ಹಳೇ ಬ್ಯಾಟರಿ ಕೊಟ್ಟು ಹೊಸದಾಗಿ ತಗೊಂಡರೂ ಅಂಗಡಿಯವರು 4,200ಕ್ಕೆ ಕೊಡ್ತಾರೆ. ಎರಡು ದಿನ ಚಾರ್ಜಿಂಗ್, ಟೆಸ್ಟಿಂಗ್ ಅಂತ ಅಲೆದು ಗಳಿಸಿದ್ದು 200. ಅದಕ್ಕೆ ಬ್ಯಾಟರಿ ತಗೊಳ್ಳುವಾಗ ನಾನು ಕೇಳೋದು "ಫ್ರೀ ಎಷ್ಟು ತಿಂಗಳು" ಅಂತ ಮಾತ್ರ.

ಇನ್ನು ಮೆಕ್ಯಾನಿಕ್ ಪಾರ್ಟ್ ತಂದರೆ ಕಮಿಷನ್ ಇಟ್ಟುಕೊಳ್ಳುತ್ತಾರೆ ಅಂತ ಗೊಣಗೋರು ಜಾಸ್ತಿ, ನಾನೂ ಗೊಣಗುತ್ತಿದ್ದೆ. ಆದರೆ ಅವರೇ ತಂದ ಪಾರ್ಟ್ ಹೋದರೆ ಮತ್ತೆ ಬಿಚ್ಚೋದು ಅವರ ತಲೆನೋವು. ಕೆಲಸ ಶುರು ಮಾಡೋ ಮೊದಲೇ ಇದನ್ನು ಬಾಯಿಬಿಟ್ಟು ಕೇಳಿಕೊಳ್ಳಬೇಕು, ಅಷ್ಟೇ. ಹಾಗೆ ಒಪ್ಪಿದ ಮೇಲೆ ಅವರು ಮೇಲೆ ಇಟ್ಟುಕೊಳ್ಳೋ ಇನ್ನೂರು ಮುನ್ನೂರು ನನಗೆ ದುಬಾರಿ ಅನ್ನಿಸಲ್ಲ.

ಈಗ ಕ್ಲಚ್ ತೀರಾ ಮೇಲೆ, ಪೆಡಲ್ ಹೆಚ್ಚುಕಮ್ಮಿ ಪೂರ್ತಿ ಬಿಟ್ಟ ಮೇಲೆ ಹಿಡಿಯುತ್ತಿದೆ. ಮೆಕ್ಯಾನಿಕ್ ಕೇಬಲ್ ಅಡ್ಜಸ್ಟ್ ಮಾಡಿಕೊಟ್ಟು, "ಯುಗಾದಿವರೆಗೂ ಓಡಿಸಿ, ಆಮೇಲೆ ಇಳಿಸೋಣ. ಸೆಟ್ ನೀವು ತರ್ತೀರೋ, ನಾನು ತರ್ಲೋ?" ಅಂತ ನಕ್ಕರು. ನೀವೇ ತನ್ನಿ ಅಂದೆ.